ಮೂರು ಬ್ಯಾಂಡು, ಒಂದು ಸಂಜೆ

ಸಿನಿಮಾ ಹಾಡುಗಳ ರಸಮಂಜರಿಗೆ ಊರೂರಲ್ಲೂ ವೇದಿಕೆಯಿದೆ. ಸ್ವಂತ ಹಾಡು ಕಟ್ಟುವ ಬ್ಯಾಂಡಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಯಾರಾದರೂ ಮುಂದೆ ನಿಂತು ಗಿಗ್, ಅಂದರೆ ಲೈವ್ ಕಾರ್ಯಕ್ರಮ, ಏರ್ಪಡಿಸಬೇಕು. ಬೆಂಗಳೂರಿನಲ್ಲಿ ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದು ಫ್ರೀಡಂ ಜಾಮ್. 1996ರಲ್ಲಿ ಗೋಪಾಲ ನವಲೆ ಸ್ವಾತಂತ್ರ್ಯ ದಿನದ ನೆಪದಲ್ಲಿ ಆರಂಭಿಸಿದ ಉಚಿತ ಉತ್ಸವ ಅದು. ಅದರ ನಂಟಿನಲ್ಲೇ ತಿಂಗಳಿಗೊಮ್ಮೆ ‘ಸಂಡೇ ಜಾಮ್’ ಕೂಡ ನಡೆದುಬಂತು. 1996ರಲ್ಲೇ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, 2002ರ ಸ್ವರಾತ್ಮ ಬ್ಯಾಂಡುಗಳು, ಶಿಶುನಾಳ ಶರೀಫರ ತತ್ವಪದಗಳಿಗೆ ಗಿಟಾರು ಬೆರೆಸಿದ ರಘು ದೀಕ್ಷಿತ್ ಇವರೆಲ್ಲರ ಸಂಗೀತ ಹದಗೊಂಡದ್ದು ಇದೇ ನಗರದಲ್ಲಿ.

ಇಂಥದೊಂದು ಗಿಗ್ ಏರ್ಪಡಿಸುತ್ತಿದ್ದೀರಿ ಎಂದುಕೊಳ್ಳಿ: ನೂರು ಜನ ಹಿಡಿಸುವ ಜಾಗ, ಮೂರು ಬ್ಯಾಂಡು. ಮೊದಲ ಪ್ರಶ್ನೆ ಡ್ರಮ್ಸಿನದು. ಮೂರು ಬ್ಯಾಂಡುಗಳೂ ತಮ್ಮದೇ ಡ್ರಮ್ಸು ತಂದರೆ ಬಿಚ್ಚಿ ಜೋಡಿಸುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಹಾಗಾಗಿ ಒಂದೇ ಡ್ರಮ್ ಸೆಟ್, ಒಂದೇ ಬಾಸ್ ಆಂಪ್ಲಿಫೈಯರನ್ನು ಎಲ್ಲರೂ ಹಂಚಿಕೊಳ್ಳುವುದು ವಾಡಿಕೆ. ಡ್ರಮರ್ ತನ್ನ ಕೋಲು, ಸ್ನೇರ್, ಸಿಂಬಲ್‌ಗಳನ್ನಷ್ಟೇ ತರುತ್ತಾನೆ.

ಸೌಂಡ್ ಚೆಕ್ ನಡೆಯುವುದು ಉಲ್ಟಾ ಕ್ರಮದಲ್ಲಿ: ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಬಾಗಿಲು ತೆರೆಯುವ ಹೊತ್ತಿಗೆ ವೇದಿಕೆ ಮೊದಲ ಬ್ಯಾಂಡಿಗೆ ತಕ್ಕಂತೆ ಸಜ್ಜಾಗಿಯೇ ಇರುತ್ತದೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್ ಬೇಕು ಎಂಬ ಪಟ್ಟಿ ಸೌಂಡ್ ಎಂಜಿನಿಯರ್ ಕೈಗೆ ಮೊದಲೇ ಸೇರಿರಬೇಕು. ಪಿಟೀಲು, ಜಾನಪದ ತಾಳವಾದ್ಯಗಳಿದ್ದರಂತೂ ಇದು ಅನಿವಾರ್ಯ. ಗಿಟಾರಿನ ಅಬ್ಬರದಲ್ಲಿ ಮೊದಲು ಮುಳುಗುವ ದನಿ ಅವುಗಳದೇ. ಸಣ್ಣ ಕೋಣೆಯಲ್ಲಿ ಡ್ರಮ್ಸಿನ ಬರಿಯ ಸದ್ದೇ ಸಾಕಷ್ಟಿರುತ್ತದೆ. ಉಳಿದ ವಾದ್ಯಗಳನ್ನು ಅದಕ್ಕೆ ಹೊಂದಿಸಿ, ಎಲ್ಲಕ್ಕಿಂತ ಮೇಲೆ ಗಾಯಕಿಯ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡುವುದೇ ಎಂಜಿನಿಯರಿನ ನಿಜವಾದ ಕೌಶಲ. ಹೊಸ ಹಾಡಿನ ಸಾಹಿತ್ಯ ಯಾರಿಗೂ ಬಾಯಿಪಾಠವಿರುವುದಿಲ್ಲವಲ್ಲ! ಮುಖ್ಯ ಸ್ಪೀಕರುಗಳು ಹಾಡುವವರಿಗಿಂತ ಮುಂದಿರಬೇಕು. ಅವುಗಳ ಸದ್ದು ಮತ್ತೆ ಮೈಕಿಗೆ ನುಗ್ಗಿದರೆ ಕಿವಿ ಸೀಳುವ ಕೀರಲು ಏಳುತ್ತದೆ.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಬಳಸುವಂತಿಲ್ಲ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಬೆಂಗಳೂರಿನ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಬಿಗಿ ಮಾಡಿದಾಗ ಹಲವು ಪಬ್ಬುಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. 2013ರಲ್ಲಿ ತೆರೆದು ಹೊಸ ಬ್ಯಾಂಡುಗಳಿಗೆ ನೆಚ್ಚಿನ ನೆಲೆಯಾಗಿದ್ದ ಇಂದಿರಾನಗರದ ‘ದ ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ನೆರೆಮನೆಯವರ ನಿದ್ದೆಯೂ ಮುಖ್ಯವೇ. ಆದರೆ ಇಂಥ ಜಾಗವೊಂದು ಹೋದರೆ ಹತ್ತಾರು ಬ್ಯಾಂಡುಗಳ ತಾಲೀಮಿಗೆ ಗುರಿಯೇ ಇಲ್ಲದಂತಾಗುತ್ತದೆ. ಇದು ನಗರಕ್ಕಾದ ನಿಜವಾದ ನಷ್ಟ.

ಹಣದ ಮಾತನ್ನು ಮೊದಲೇ ಆಡಿಬಿಡುವುದು ಒಳ್ಳೆಯದು. ಜಾಗದ ಬಾಡಿಗೆ, ಸೌಂಡ್ ಖರ್ಚು ಕಳೆದು ಉಳಿದ ಟಿಕೆಟ್ ಹಣವನ್ನು ಬ್ಯಾಂಡುಗಳು ಹಂಚಿಕೊಳ್ಳುವುದು ಒಂದು ಪದ್ಧತಿ, ಗೊತ್ತುಪಡಿಸಿದ ಮೊತ್ತ ಕೊಡುವುದು ಇನ್ನೊಂದು. ‘ನಿಮಗೆ ಪ್ರಚಾರ ಸಿಗುತ್ತದೆ’ ಎಂದು ಬರಿಗೈಯಲ್ಲಿ ಕಳಿಸುವುದು ಅನ್ಯಾಯ. ಆಂಪ್ಲಿಫೈಯರ್ ಹೊತ್ತು ತಂದ ಆಟೋದ ಬಾಡಿಗೆಯನ್ನಾದರೂ ಆಯೋಜಕರು ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.