ಬೀಟೆ ಮರ ನಮ್ಮ ಕಡೆಯದು, ಕುಸುರಿ ಮಂಡಿ ಮೊಹಲ್ಲಾದ್ದು

ಮೊರೊಕ್ಕೊ ದೇಶದ ಫೆಝ್ ಪಟ್ಟಣದ ಹಳೇ ಪೇಟೆಯ ಬಗ್ಗೆ ನಮ್ಮಲ್ಲಿ ಹಲವರು ಕೇಳಿರಬಹುದು. ಕ್ರಿ.ಶ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಕಟ್ಟಿಸಿದರೆಂದು ಹೇಳುವ ಖರವಿಯ್ಯೀನ್ ಮಸೀದಿ ಇರುವುದು ಅಲ್ಲೇ. ಅದರ ಸುತ್ತಮುತ್ತ ಒಂದೊಂದು ಕಸುಬಿಗೆ ಒಂದೊಂದು ಗಲ್ಲಿ. ಅತ್ತಾರೀನ್ ಅಂದರೆ ಅತ್ತರು, ಸಾಂಬಾರ ಪದಾರ್ಥ ಮಾರುವವರದ್ದು. ನಜ್ಜಾರೀನ್ ಬಡಗಿಗಳದ್ದು. ಸಫ್ಫಾರೀನ್ ತಾಮ್ರ, ಹಿತ್ತಾಳೆ ಬಡಿಯುವವರದ್ದು. ನಮ್ಮ ಮದರಸದ ದೊಡ್ಡ ತರಗತಿಯ ಮಕ್ಕಳೂ ಈ ಹೆಸರುಗಳಲ್ಲಿ ಅರ್ಧಕ್ಕೆ ಅರ್ಥ ಹೇಳಿಯಾರು. 1981ರಲ್ಲಿ ಯುನೆಸ್ಕೋ ಆ ಇಡೀ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಮೊರೊಕ್ಕೊದ ತಾಂಜಾ ಊರಿನ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಮಂಗಳೂರಿಗೆ ಬಂದಿದ್ದರು. ಕರಿಮೆಣಸು, ಶುಂಠಿ ಬೇಕಾದಷ್ಟು ಸಿಗುವ ಊರು, ಫಾರ್ಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಳಿಯುವ ಬಂದರು, ಸುಮಾರು 4000 ಮುಸಲ್ಮಾನರು ಇದ್ದಾರೆ, ಶಾಫಿ ಮದ್ಹಬಿನ ಖಾಝಿ ಇದ್ದಾರೆ ಅಂತ ಬರೆದಿಟ್ಟು ಹೋದರು. ಅವರು ಬಂದು ಹೋಗಿ ಏಳುನೂರು ವರ್ಷ ಆಗ್ತಾ ಬಂತು. ತಿರುಗಿ ನಾವು ಅವರ ಊರು ನೋಡುವುದು ಯಾವಾಗ ಅಂತ ಕೇಳಿದರೆ ಹಾಸನದ ನಮ್ಮಂಥವರಿಗೆ ನಗು ಬರ್ತದೆ. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಮದುವೆಯೇ ಮುಗಿದೀತು.

ಆದರೆ ಹಾಸನದಿಂದ ರೈಲು ಹತ್ತಿ, ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೂರು ಗಂಟೆಯೊಳಗೆ ಮೈಸೂರಿನಲ್ಲಿ ಇಳಿದರೆ ಅಂಥದ್ದೇ ಒಂದು ಹಳೇ ಪೇಟೆ ಇದೆ. ದೇವರಾಜ ಮಾರುಕಟ್ಟೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅಶೋಕ ರಸ್ತೆ, ಅದರ ಬದಿಗೆ ಮಂಡಿ ಮೊಹಲ್ಲಾ. ನಮ್ಮವರು ಮೈಸೂರಿಗೆ ಹೋಗುವುದಿಲ್ಲ ಅಂತಲ್ಲ. ಆಸ್ಪತ್ರೆಗೆ ಹೋಗ್ತಾರೆ, ಮದುವೆ ಬಟ್ಟೆಗೆ ಹೋಗ್ತಾರೆ, ಮಕ್ಕಳಿಗೆ ಝೂ ತೋರಿಸಿ ಬರ್ತಾರೆ. ಮಂಡಿ ಮೊಹಲ್ಲಾದ ಗಲ್ಲಿಗಳಿಗೆ ಹೋಗುವವರು ಕಡಿಮೆ.

ಮದರಸದ ಪರೀಕ್ಷೆ ಮುಗಿದು ರಜೆ ಸಿಕ್ಕಾಗ ನಾವು ನಾಲ್ಕು ಮಂದಿ ಹೊರಟೆವು. ಹಾಸನದಿಂದ ನಾವು, ಹೊಳೆನರಸೀಪುರದಲ್ಲಿ ಹತ್ತಿಕೊಂಡ ಒಬ್ಬರು, ಅರಕಲಗೂಡಿಗೆ ರೈಲಿಲ್ಲವಾದ್ದರಿಂದ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು ಸೇರಿಕೊಂಡ ಇನ್ನೊಬ್ಬರು, ಚನ್ನರಾಯಪಟ್ಟಣದಿಂದ ಕೆ.ಆರ್. ಪೇಟೆ ದಾರಿಯಲ್ಲಿ ನೇರ ಮೈಸೂರಿಗೇ ಬಂದ ಮತ್ತೊಬ್ಬರು. ಅರಕಲಗೂಡಿನವರ ಜೊತೆಗೆ ಅವರ ಮಗನೂ ಇದ್ದ, ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಹುಡುಗ. ನಿಜ ಹೇಳಬೇಕೆಂದರೆ ಈ ಪ್ರಯಾಣ ಹೊರಟದ್ದೇ ಆ ಹುಡುಗನಿಗಾಗಿ. ಓದಿನಲ್ಲಿ ಮನಸ್ಸಿಲ್ಲ, ಕೈಯಲ್ಲಿ ಪೆನ್ಸಿಲ್ ಇದ್ದರೆ ಮಾತ್ರ ಲೋಕ ಮರೆಯುತ್ತಾನೆ. ಮದರಸದ ಬೋರ್ಡಿನಲ್ಲಿ ಅವನು ಬರೆಯುವ ಅರಬಿ ಅಕ್ಷರ ನೋಡಿ ಇವನ ಕೈಗೆ ತಕ್ಕ ಕಸುಬು ಎಲ್ಲಾದರೂ ಇದ್ದೀತೇ ಅಂತ ತಂದೆಗೆ ಹೇಳಿದ್ದು ನಾವೇ.

ದೇವರಾಜ ಮಾರುಕಟ್ಟೆಯನ್ನು ವಿವರಿಸುವ ಅಗತ್ಯ ಇಲ್ಲ. ಮೊದಲು ಸಂತೆ ಸೇರುತ್ತಿದ್ದ ಜಾಗದಲ್ಲಿ 19ನೇ ಶತಮಾನದ ಕೊನೆಯಲ್ಲಿ ಎದ್ದ ಕಟ್ಟಡ. ಹೂವಿನ ಸಾಲು, ನಂಜನಗೂಡು ರಸಬಾಳೆಯ ಸಾಲು, ವೀಳ್ಯದೆಲೆ, ಅರಿಶಿನ ಕುಂಕುಮದ ಗೋಪುರಗಳು, ಅತ್ತರಿನ ಸಣ್ಣ ಸಣ್ಣ ಶೀಷೆಗಳು. ಅತ್ತರಿನ ಅಂಗಡಿಯವ ಒಂದೊಂದೇ ಹಚ್ಚಿ ತೋರಿಸುತ್ತಾ ಹೋದರೆ ಎರಡೂ ಕೈ ಸಾಲುವುದಿಲ್ಲ. ಕೊನೆಗೆ ಯಾವುದು ಯಾವ ವಾಸನೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೈಸೂರು ಪಾಕ್ ಬೇಕಾದರೆ ಸಯ್ಯಾಜಿರಾವ್ ರಸ್ತೆಯ ಕಡೆಯಲ್ಲೇ ಗುರು ಸ್ವೀಟ್ಸ್ ಇದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರು ನಡೆಸುವ ಅಂಗಡಿ. ನಿಂತುಕೊಂಡೇ ತಿನ್ನಬೇಕು.

ಕಟ್ಟಡದ ಅವಸ್ಥೆ ನೋಡಿದರೆ ಮಾತ್ರ ಬೇಸರ ಆಗ್ತದೆ. 2016ರ ಆಗಸ್ಟ್‌ನಲ್ಲಿ ದುರಸ್ತಿ ನಡೆಯುತ್ತಿರುವಾಗಲೇ ಉತ್ತರ ಭಾಗದ ಒಂದಷ್ಟು ಕುಸಿದು ಬಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜೀವ ಹೋಗಿತ್ತು. ಕೆಡವಿ ಹೊಸದು ಕಟ್ಟಬೇಕು ಅನ್ನುವವರು ಒಂದು ಕಡೆ, ಇದ್ದದ್ದನ್ನೇ ಗಟ್ಟಿ ಮಾಡಬೇಕು ಅನ್ನುವವರು ಇನ್ನೊಂದು ಕಡೆ, ಜಗಳ ಕೋರ್ಟಿನವರೆಗೆ ಹೋಗಿದೆ. ಎರಡೂ ಕಡೆಯವರು ಕಲ್ಲು ಗಾರೆಯ ಮಾತೇ ಆಡುತ್ತಾರೆ. ಬಾಡಿಗೆ ಏರಿದರೆ ಎಲೆ ಮಾರುವ ಅಜ್ಜಿ ಎಲ್ಲಿ ಕೂರಬೇಕು ಅಂತ ಕೇಳುವವರು ನಮಗೆ ಕಾಣಲಿಲ್ಲ.

ಮಂಡಿ ಮೊಹಲ್ಲಾಕ್ಕೆ ಕಾಲಿಟ್ಟ ಕೂಡಲೇ ಭಾಷೆ ಬದಲಾಯಿತು. ಎಲ್ಲಾ ದಖ್ಖನಿ ಉರ್ದು. ನಮ್ಮನ್ನು ಊರಲ್ಲಿ ಉಸ್ತಾದರೇ ಅಂತ ಕರೆದರೆ ಇಲ್ಲಿ ಹಜ್ರತ್ ಆದೆವು. ಇಲ್ಲಿನ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಕಸುಬು ಬೀಟೆ ಮರದ ಇನ್‌ಲೇ ಕೆಲಸ. ಮಾಡುವವರಲ್ಲಿ ಹೆಚ್ಚಿನವರು ಮುಸಲ್ಮಾನರು. ಈ ವಿದ್ಯೆ ಇರಾನಿನ ಕಡೆಯಿಂದ ಬಂತು ಅಂತ ಹೇಳ್ತಾರೆ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟ ನಂತರ ಎದ್ದ ಈಗಿನ ಅರಮನೆಯ ಬಾಗಿಲುಗಳಲ್ಲಿ ಕಪ್ಪು ಬೀಟೆಯೊಳಗೆ ಬಿಳಿ ದಂತ ಕೂರಿಸಿದ್ದನ್ನು ನೀವು ನೋಡಿರುತ್ತೀರಿ. ಈಗ ದಂತ ಇಲ್ಲ, ಕಾನೂನು ಬಿಡುವುದಿಲ್ಲ, ಬಿಡಬಾರದು ಕೂಡ. ಈಗ ಮರದೊಳಗೆ ಮರ.

ಕೆಲಸದ ಕ್ರಮ ಹೀಗೆ. ಮೊದಲು ಚಿತ್ರವನ್ನು ಕಾಗದದಲ್ಲಿ ಬರೆದು, ಅದನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಮರದ ತೆಳು ಹಲಗೆಗಳ ಮೇಲೆ ಅಂಟಿಸುತ್ತಾರೆ. ಹಳದಿಗೆ ಹಲಸು, ಕೆಂಪಿಗೆ ಒಂದು, ಬಿಳಿಗೆ ಇನ್ನೊಂದು. ಬಣ್ಣ ಬಳಿಯುವುದಿಲ್ಲ, ಮರದ್ದೇ ಬಣ್ಣ. ಬಿಲ್ಲಿನ ಹಾಗೆ ಬಾಗಿದ ಚೌಕಟ್ಟಿಗೆ ನೂಲಿನಷ್ಟು ತೆಳುವಾದ ಗರಗಸ ಕಟ್ಟಿ ಗೆರೆಯ ಮೇಲೆಯೇ ಕೊಯ್ಯುತ್ತಾರೆ. ಆಮೇಲೆ ಬೀಟೆಯ ಹಲಗೆಯಲ್ಲಿ ಅದೇ ಆಕಾರದ ಗುಂಡಿಯನ್ನು ಉಳಿಯಿಂದ ಕೆತ್ತಿ, ಗೋಂದು ಹಾಕಿ, ತುಂಡು ಕೂರಿಸಿ, ಉಜ್ಜಿ ಪಾಲಿಶ್ ಕೊಡುವುದು. ಗುಂಡಿ ಕೂದಲೆಳೆಯಷ್ಟು ದೊಡ್ಡದಾದರೂ ಸಂದಿ ಕಾಣ್ತದೆ, ಚಿಕ್ಕದಾದರೆ ತುಂಡು ಕೂರುವುದಿಲ್ಲ. ಒಂದು ಆನೆಯ ಕಾಲಿಗೆ ಎಷ್ಟು ತುಂಡು ಅಂತ ನಮ್ಮ ಹುಡುಗ ಎಣಿಸಲು ಹೋಗಿ ಸೋತ.

ಖರೀದಿಗೆ ಹೋಗುವವರು ಇದೊಂದು ನೆನಪಿಡಿ. ಇನ್‌ಲೇ ಅಂತ ಹೇಳಿ ಅಚ್ಚು ಹಾಕಿದ್ದನ್ನೂ ಮಾರುವವರಿದ್ದಾರೆ. ಅಸಲಿನಲ್ಲಿ ಒಂದೊಂದು ತುಂಡಿನ ಮರದ ಗೆರೆ ಒಂದೊಂದು ದಿಕ್ಕಿಗೆ ಓಡುತ್ತದೆ, ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಅಚ್ಚಿನಲ್ಲಿ ಗೆರೆಯೇ ಇಲ್ಲ. ಕೈಲಾದಷ್ಟು ಕೆಲಸಗಾರರಿಂದಲೇ ಕೊಳ್ಳಿ, ಇಲ್ಲವೇ ಸರ್ಕಾರದ ಕಾವೇರಿ ಎಂಪೋರಿಯಂಗೆ ಹೋಗಿ. ಆಟೋದವರು ಕರೆದುಕೊಂಡು ಹೋಗುವ ಅಂಗಡಿಯಲ್ಲಿ ನೀವು ಕೊಡುವ ದುಡ್ಡಿನ ಒಂದು ಪಾಲು ಕರೆತಂದವರಿಗೇ ಹೋಗ್ತದೆ.

ನಾವು ಹೋದ ಕಾರ್ಖಾನೆ ಅಂದರೆ ಒಂದು ಮನೆಯ ಮುಂದಿನ ಕೋಣೆ. ಅರುವತ್ತು ದಾಟಿದ ಒಬ್ಬ ಚಾಚಾ, ಕೈಕೆಳಗೆ ಇಬ್ಬರು. ಅವರು ಮಾಡುತ್ತಿದ್ದದ್ದು ದಸರಾ ಮೆರವಣಿಗೆಯ ಚಿತ್ರ. ಗೋಡೆಗೆ ಒರಗಿಸಿಟ್ಟದ್ದು ಕೃಷ್ಣಾರ್ಜುನರ ರಥ. ಪ್ರಾಣಿ, ಮನುಷ್ಯರ ಚಿತ್ರದ ಬಗ್ಗೆ ಇರುವ ಮಸ್‌ಅಲ ನಮಗೂ ಗೊತ್ತು, ಅವರಿಗೂ ಗೊತ್ತು. ನಾವು ಕೇಳಲಿಲ್ಲ, ಅವರೇ ಹೇಳಿದರು. ಅವರ ಒಬ್ಬ ಚಿಕ್ಕಪ್ಪ ಬಳ್ಳಿ, ಹೂವು, ಆಯತ್ ಬಿಟ್ಟು ಬೇರೆ ಏನನ್ನೂ ಕೆತ್ತಲಿಲ್ಲವಂತೆ. ಗಿರಾಕಿ ಸಿಗದೆ ಕೊನೆಗೆ ಕಟ್ಟಿಗೆ ಡಿಪೋದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರಂತೆ. ಆಮೇಲೆ ಒಳಗಿನಿಂದ ಒಂದು ರೆಹಲ್ ತಂದು ತೋರಿಸಿದರು. ಒಂದೇ ಹಲಗೆ, ಮೊಳೆ ಇಲ್ಲ, ತಿರುಗಣಿ ಇಲ್ಲ, ಅದೇ ಹಲಗೆಯನ್ನು ಹಲ್ಲು ಹಲ್ಲಾಗಿ ಸೀಳಿ ಕುರ್‌ಆನ್ ಇಡುವಂತೆ ತೆರೆಯುವುದು. ಅಂಚಿಗೆ ಹಲಸಿನ ಬಳ್ಳಿ. ಹುಡುಗ ಅದನ್ನು ಮುಚ್ಚುವುದು, ತೆರೆಯುವುದು, ಅಷ್ಟೇ ಮಾಡ್ತಾ ಕೂತ.

ಬೀಟೆ ಎಲ್ಲಿಂದ ಬರ್ತದೆ ಅಂತ ಕೇಳಿದಾಗ ಚಾಚಾ ನಕ್ಕರು. ಮೊದಲೆಲ್ಲಾ ಕೊಡಗಿನಿಂದ, ನಿಮ್ಮ ಸಕಲೇಶಪುರದ ಕಡೆಯಿಂದ ಅಂದರು. ಹೌದು, ಮಲೆನಾಡಿನ ಕಾಫಿ ತೋಟಗಳಲ್ಲಿ ಬೀಟೆ ನೆರಳಿಗೆ ನಿಂತ ಮರ. ಸ್ವಂತ ತೋಟದಲ್ಲೇ ಇದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕೊಡಲಿ ಹಾಕುವಂತಿಲ್ಲ. 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬೀಟೆ ಜಾತಿಯ ಮರದ ವಸ್ತು ಹೊರದೇಶಕ್ಕೆ ಕಳಿಸುವುದೂ ಬಿಗಿಯಾಯಿತು. ಬೀಟೆ ನಿಧಾನವಾಗಿ ಬೆಳೆಯುವ ಮರ, ಕಳ್ಳರ ಕಾಟವೂ ಇದೆ, ಆದ್ದರಿಂದ ನಿಯಮ ಬೇಕು. ಆದರೆ ಒಂದು ರೆಹಲ್‌ಗೆ ಬೇಕಾಗುವ ಮರಕ್ಕೂ ಒಂದು ಬಂಗಲೆಯ ಮಂಚ ಬಾಗಿಲಿಗೆ ಬೇಕಾಗುವ ಮರಕ್ಕೂ ವ್ಯತ್ಯಾಸ ಇಲ್ಲವೇ? ಕುಶಲಕರ್ಮಿಗಳಿಗೆ ಸಣ್ಣ ತುಂಡುಗಳನ್ನಾದರೂ ನ್ಯಾಯದ ಬೆಲೆಗೆ ಕೊಡುವ ಏರ್ಪಾಡು ಬೇಕು. ಮೈಸೂರು ಇನ್‌ಲೇಗೆ ಜಿಐ ಮಾನ್ಯತೆ ಕೊಟ್ಟಾಗಿದೆ. ಹೆಸರು ಉಳಿದು ಮರ ಸಿಗದಿದ್ದರೆ ಏನು ಕೆತ್ತಬೇಕು?

ಮಧ್ಯಾಹ್ನದ ಊಟ ಅಲ್ಲೇ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ಪಾಯ, ರೊಟ್ಟಿ, ಬಿರಿಯಾನಿ. ಪಾಯ ಚೆನ್ನಾಗಿತ್ತು. ಬಿರಿಯಾನಿಯ ಖಾರಕ್ಕೆ ನಮ್ಮ ಹೊಳೆನರಸೀಪುರದವರ ಕಣ್ಣಲ್ಲಿ ನೀರು ಬಂತು. ನೆಯ್ಚೋರಿಗೂ ತೆಂಗಿನ ಹಾಲಿಗೂ ಅಭ್ಯಾಸವಾದ ನಾಲಗೆ, ಏನು ಮಾಡುವುದು. ಫೆಝ್‌ನಲ್ಲಿ ಶುಕ್ರವಾರದ ಊಟಕ್ಕೆ ಕುಸ್‌ಕುಸ್, ರಮಝಾನಿನ ಇಫ್ತಾರಿಗೆ ಹರೀರ ಅಂತೆ. ನಮ್ಮ ಮನೆಗಳಲ್ಲಿ ಒರೊಟ್ಟಿ, ಇಲ್ಲಿ ಈ ಪಾಯ. ಲುಹರ್ ನಮಾಝ್ ಮಾಡಿ ಪುನಃ ಕಾರ್ಖಾನೆಗೆ ಬಂದೆವು. ಅಸರ್‌ಗೆ ಮಾತ್ರ ಒಂದು ತಮಾಷೆ. ಶಾಫಿಗಳಾದ ನಮಗೆ ಸಮಯ ಆಗಿ ಎಷ್ಟೋ ಹೊತ್ತಾದರೂ ಇಲ್ಲಿನ ಮಸೀದಿಯಲ್ಲಿ ಬಾಂಗ್ ಇಲ್ಲ, ಹನಫಿಗಳ ಅಸರ್ ತಡ. ಚಾಚಾ ಮರದ ಪುಡಿ ಗುಡಿಸಿ ಚಾಪೆ ಹಾಸಿಕೊಟ್ಟರು.

ಆಮೇಲೆ ಬಂದ ವಿಷಯಕ್ಕೆ ಬಂದೆವು. ಈ ಹುಡುಗನಿಗೆ ಕಲಿಸ್ತೀರಾ ಅಂತ ಅರಕಲಗೂಡಿನವರು ಕೇಳಿದರು. ಚಾಚಾ ಕೂಡಲೇ ಹೌದು ಅನ್ನಲಿಲ್ಲ. ಅವನ ಕೈ ಹಿಡಿದು ಬೆರಳು ನೋಡಿದರು, ಒಂದು ಕಾಗದ ಕೊಟ್ಟು ಬಳ್ಳಿ ಬರೆಸಿದರು. ತಮ್ಮ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಮೊಬೈಲ್ ರಿಪೇರಿ, ಇನ್ನೊಬ್ಬ ಆಟೋ ಓಡಿಸ್ತಾನೆ, ಈ ಕೆಲಸಕ್ಕೆ ಬರಲಿಲ್ಲ ಅಂದರು. ಕೈ ಕೂರಲು ಎರಡು ವರ್ಷ ಬೇಕು, ಅಷ್ಟರವರೆಗೆ ಕೈಗೆ ಸಿಗುವುದು ಊಟ ಚಹಾದ ಖರ್ಚು. ಕಲಿತ ಮೇಲೂ ದಿನಕ್ಕೆ ಗಾರೆ ಕೆಲಸದವರಷ್ಟು ಬರುವುದಿಲ್ಲ. ಇದೆಲ್ಲಾ ಮರೆಮಾಚದೆ ಹೇಳಿದರು.

"ಹಜ್ರತ್, ಹುಡುಗನಿಗೆ ಕೈ ಇದೆ. ಆದ್ರೆ ಪಿಯುಸಿ ಬಿಡಿಸಬೇಡಿ. ರಜೆಯಲ್ಲಿ ಎರಡು ತಿಂಗಳು ಕಳಿಸಿ, ನಮ್ಮ ಮನೇಲೇ ಇರಲಿ" ಅಂದರು.

ತಂದೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಗಲ್ಫಿನಲ್ಲಿರುವ ಬಾವ ವೀಸಾ ಕೊಡ್ತೇನೆ ಅಂದಿದ್ದಾರೆ, ಹದಿನೆಂಟು ತುಂಬಿದರೆ ಸಾಕು, ಇದರಲ್ಲೇನು ಬರಕತ್ ಇದೆ ಉಸ್ತಾದರೇ ಅಂತ ರೈಲಿನಲ್ಲಿ ಕೇಳಿದರು. ಮನೆ ಸಾಲ ಇರುವವರಿಗೆ ಬಾಯಲ್ಲಿ ಬುದ್ಧಿ ಹೇಳುವುದು ಸುಲಭ. ನಾವು ಇಷ್ಟೇ ಹೇಳಿದೆವು. ಗಲ್ಫಿಗೆ ಹೋಗುವವನ ಕೈಯಲ್ಲಿ ಕಸುಬು ಇದ್ದರೆ ಅಲ್ಲಿಯೂ ಅವನ ಕೂಲಿ ಬೇರೆ, ಎರಡು ತಿಂಗಳಲ್ಲಿ ಕಳಕೊಳ್ಳುವುದು ಏನಿಲ್ಲ. ಚನ್ನರಾಯಪಟ್ಟಣದವರು ಫೋನಿನಲ್ಲಿ ಇನ್ನೊಂದು ದಾರಿ ಹೇಳಿದರು. ನಮ್ಮ ನಾಲ್ಕು ಊರಿನ ಮಸೀದಿ, ಮದರಸಗಳಿಗೆ ಬೇಕಾಗುವ ರೆಹಲ್‌ಗಳನ್ನು ಪ್ಲಾಸ್ಟಿಕ್ಕಿನದ್ದು ತರುವ ಬದಲು ಅಲ್ಲಿಗೇ ಆರ್ಡರ್ ಕೊಟ್ಟರೆ ಹೇಗೆ ಅಂತ. ಬೀಟೆಯೇ ಬೇಕಂತಿಲ್ಲ, ಹಲಸು ಸಾಕು. ಲೆಕ್ಕ ಹಾಕಿದರೆ ಒಂದಕ್ಕೆ ಮೂರು ಪಟ್ಟು ಖರ್ಚು. ಆದರೆ ಪ್ಲಾಸ್ಟಿಕ್ಕಿನದ್ದು ವರ್ಷಕ್ಕೊಮ್ಮೆ ಮುರಿಯುವುದು ಎಲ್ಲಾ ಮದರಸದವರಿಗೂ ಗೊತ್ತಿರುವ ವಿಷಯವೇ.

ಈ ವಿಷಯವನ್ನು ಮುಂದಿನ ಜಮಾಅತ್ ಸಭೆಯಲ್ಲಿ ಇಡುವುದು ಅಂತ ತೀರ್ಮಾನ ಆಗಿದೆ. ಮೊದಲ ಕಂತಿಗೆ ಹತ್ತು ರೆಹಲ್. ಹುಡುಗ ಆಗಲೇ ನೋಟ್ ಪುಸ್ತಕದ ಕೊನೇ ಹಾಳೆಯಲ್ಲಿ ಬಳ್ಳಿಯ ನಾಲ್ಕೈದು ಮಾದರಿ ಬರೆದಿಟ್ಟಿದ್ದಾನೆ. ತಂದೆ ಇನ್ನೂ ಹೂಂ ಅಂದಿಲ್ಲ.