ಬಿಲ್ಲೆ, ಹೆಸರು, ಕಥನ: ವಿಜಯಪುರ ಸೀಮೆಯ ಸೈನಿಕ ಸ್ಮರಣಿಕೆಗಳು

ನಮ್ಮ ಜಾನಪದ ಅಧ್ಯಯನಗಳಲ್ಲಿ ವಸ್ತು ಸಂಸ್ಕೃತಿಗೆ ತಕ್ಕ ಸ್ಥಾನ ದೊರೆತಿದೆ. ಕೃಷಿ ಉಪಕರಣ, ಆಭರಣ, ವಾದ್ಯ, ಅಡುಗೆಮನೆಯ ಪಾತ್ರೆಗಳನ್ನು ಕುರಿತು ಗಮನಾರ್ಹ ಕೆಲಸಗಳು ನಡೆದಿವೆ. ಆದರೆ 'ದಂಡಿಗೆ ಹೋದವರು' ಮನೆಗೆ ತಂದ ವಸ್ತುಗಳು, ಎಂದರೆ ಬಿಲ್ಲೆ, ಬಣ್ಣದ ಪಟ್ಟಿ, ಸಮವಸ್ತ್ರದ ಗುಂಡಿ, ಟ್ರಂಕು, ಪಿಂಚಣಿಯ ಕಾಗದಗಳು, ಈ ಅಧ್ಯಯನದ ಅಂಚಿನಲ್ಲಿಯೇ ಉಳಿದಿವೆ. ಇವುಗಳನ್ನು ಬಹುಕಾಲದಿಂದ ಶ್ರದ್ಧೆಯಿಂದ ಅರಸುತ್ತ ಬಂದವರು ಬೇರೊಂದು ಸಮುದಾಯದವರು. ಅವರು ಸೈನಿಕ ಸ್ಮರಣಿಕೆಗಳ ಸಂಗ್ರಾಹಕರು. ವಸ್ತುವೊಂದು ಸ್ಮರಣಿಕೆಯಾಗುವುದು ಹೇಗೆ, ಅದನ್ನು ಕಾಯುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ವಿಜಯಪುರ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನಗೂಳಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಭೂಭಾಗ ದಂಡಿನ ದಾರಿಯಲ್ಲಿದ್ದ ನಾಡು. ಮನಗೂಳಿಯ 12ನೆಯ ಶತಮಾನದ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. 1565ರಲ್ಲಿ ವಿಜಯನಗರದ ಭವಿಷ್ಯವನ್ನು ನಿರ್ಧರಿಸಿದ ಕಾಳಗಕ್ಕೆ ತಾಳಿಕೋಟೆ, ರಕ್ಕಸಗಿ, ತಂಗಡಗಿ ಊರುಗಳ ಹೆಸರೇ ಅಂಟಿಕೊಂಡಿದೆ. 1686ರಲ್ಲಿ ಆದಿಲಶಾಹಿ ಅಳಿದು ಮೊಘಲರು ಬಂದರು. ಅನಂತರ ಮರಾಠರು, ಕೊನೆಗೆ ಇಂಗ್ಲಿಷರು. ಇಷ್ಟು ಸೈನ್ಯಗಳನ್ನು ಕಂಡ ನಾಡಿನಲ್ಲಿ ಯುದ್ಧದ ನೆನಪು ಮುಖ್ಯವಾಗಿ ಮೂರು ಬಗೆಯಲ್ಲಿ ಉಳಿದಿದೆ: ಅಕ್ಷರದಿಂದ, ಆರಾಧನೆಯಿಂದ, ಹಾಡಿನಿಂದ.

ಅಕ್ಷರ ಕಾಯ್ದ ನೆನಪು

ವೀರಗಲ್ಲು ನಮ್ಮ ಅತ್ಯಂತ ಹಳೆಯ ಸೈನಿಕ ಸ್ಮರಣಿಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಎಂಬುದು ಅದರ ಸಾಮಾನ್ಯ ವಿನ್ಯಾಸ. ಬರೆಹವಿರುವ ಕಲ್ಲು ಸತ್ತವನ ಹೆಸರನ್ನೂ ಸಾವಿನ ಕಾರಣವನ್ನೂ ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಕಲ್ಲನ್ನು ಇಲ್ಲಿ ನೆನೆಯಬಹುದು. ಮಣಲೇರನೆಂಬ ವೀರನ ನಾಯಿ ಕಾಳಿ, ಹಂದಿಯೊಡನೆ ಹೋರಾಡಿ ಮಡಿದುದನ್ನು ಅದು ಹೇಳುತ್ತದೆ; ತಕ್ಕೋಲದ ಯುದ್ಧದ ಸಂಗತಿಯೂ ಅದರಲ್ಲಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಬಿಟ್ಟು ಬಂದರೂ ಕಾಳಿಯ ಕಥೆ ಅಳಿಯಲಿಲ್ಲ. ಬರೆಹವಿಲ್ಲದ ವೀರಗಲ್ಲಿಗೆ ಈ ಭಾಗ್ಯವಿಲ್ಲ. ಊರಿನವರ ಬಾಯಲ್ಲಿ ಹೆಸರು ಉಳಿದಿರುವವರೆಗೆ ಅದು ಒಬ್ಬ ವೀರನ ಕಲ್ಲು. ಅನಂತರ ಬರಿಯ ಶಿಲ್ಪ.

ಆರಾಧನೆ ಕಾಯ್ದ ನೆನಪು

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದನು. ಸುಮಾರು 55 ಟನ್ ತೂಕದ ಈ ಫಿರಂಗಿ 1632ರಲ್ಲಿ ವಿಜಯಪುರಕ್ಕೆ ಬಂದಿತು. 1854ರಲ್ಲಿ ಸಾತಾರಾ ಆಯುಕ್ತರ ಆಜ್ಞೆಯ ಮೇರೆಗೆ ಹಳೆಯ ನಿರುಪಯುಕ್ತ ಸಾಮಾನುಗಳೊಡನೆ ಇದನ್ನೂ ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಜನರು ಇದನ್ನು ಪೂಜ್ಯಭಾವದಿಂದ ಕಾಣುತ್ತಾರೆಂದು ಸ್ಥಳೀಯ ಅಧಿಕಾರಿ ತಿಳಿಸಿದ ಮೇಲೆ ಮಾರಾಟ ರದ್ದಾಯಿತು. ಸರ್ಕಾರಕ್ಕೆ ಕೇವಲ ಲೋಹವಾಗಿದ್ದುದನ್ನು ಉಳಿಸಿದ್ದು ಜನರ ಭಕ್ತಿ ಎಂಬುದು ಇಲ್ಲಿ ಸ್ಪಷ್ಟ.

ಖಂಡೇನವಮಿಯಂದು ಆಯುಧಗಳಿಗೆ ಸಲ್ಲುವ ಪೂಜೆ, ವೀರಭದ್ರನ ಪುರವಂತರ ಕೈಯ ಖಡ್ಗ ಹಾಗೂ ಅವರು ಹೇಳುವ ಒಡಪು, ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿಯೇ ನಡೆಸುವ ಪಂಜಾಗಳ ಮೆರವಣಿಗೆ, ಇವೆಲ್ಲ ಇದೇ ಬಗೆಗೆ ಸೇರುತ್ತವೆ. ಪಂಜಾ ಎಂಬುದು ಮೂಲತಃ ರಣಧ್ವಜದ ಸಂಕೇತ. ಕ್ರಿ. ಶ. 680ರ ಕರ್ಬಲಾ ಕಾಳಗದ ನೆನಪು ನಮ್ಮ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಪದಗಳಾಗಿ ಇಂದಿಗೂ ಕೇಳಿಬರುತ್ತದೆ.

ಹಾಡು ಕಾಯ್ದ ನೆನಪು

ವಸ್ತುವೇ ಇಲ್ಲವಾದಾಗ ನೆನಪು ಹಾಡನ್ನು ಆಶ್ರಯಿಸುತ್ತದೆ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಜಾರಿಗೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಹೋರಾಡಿದರು. ಊರು ಬೆಂಕಿಗೆ ತುತ್ತಾಯಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಅವರ ಕತ್ತಿ ಬಂದೂಕುಗಳನ್ನು ತೋರಿಸುವ ಕಪಾಟು ನಮಗಿಲ್ಲ. ಫ್ಲೀಟ್ ಅವರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಲಾವಣಿ ನಮಗಿದೆ. ಸರ್ಕಾರ ಕಸಿದುಕೊಂಡ ಆಯುಧಕ್ಕಿಂತ ಹಾಡಿಗೆ ಆಯುಷ್ಯ ಹೆಚ್ಚು ಎಂಬುದಕ್ಕೆ ಇದು ನಿದರ್ಶನ.

ಬಿಲ್ಲೆಯ ಬಡತನ

ಈ ಮೂರು ಕಾವಲುಗಳ ಹಿನ್ನೆಲೆಯಲ್ಲಿ 20ನೆಯ ಶತಮಾನದ ಸೈನಿಕನ ಬಿಲ್ಲೆಯನ್ನು ನೋಡಬೇಕು. ಮೊದಲ ಮಹಾಯುದ್ಧದ (1914–18) ಕಾಲಕ್ಕೆ ವಿಜಯಪುರ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿ ದಳಕ್ಕೆ ಮಹಾರಾಷ್ಟ್ರದವರೊಂದಿಗೆ ಉತ್ತರ ಕರ್ನಾಟಕದವರೂ ಸೇರುತ್ತ ಬಂದಿದ್ದಾರೆ. ಅದರ ಪೂರ್ವದ ಪಲ್ಟಣಗಳು ಮೆಸಪೊಟೇಮಿಯಾದಲ್ಲಿ ಕಾದಾಡಿದವು. 1916ರ ಏಪ್ರಿಲ್ 29ರಂದು ಕೂಟ್ ಪಟ್ಟಣ ಶರಣಾದಾಗ ಸೆರೆಯಾದವರಲ್ಲಿ ಮರಾಠಾ ಪಲ್ಟಣಗಳವರೂ ಇದ್ದರು.

ಯುದ್ಧಾನಂತರ ಬ್ರಿಟಿಷ್ ಸರ್ಕಾರ 36 ಮಿಲಿಮೀಟರ್ ವ್ಯಾಸದ ಯುದ್ಧ ಪದಕವನ್ನು ಹಂಚಿತು. ಸೈನಿಕನಿಗೆ ಬೆಳ್ಳಿಯದು, ಹೊರೆ ಹೊತ್ತ, ದಾರಿ ಕಡಿದ ಕೂಲಿ ದಳಗಳವರಿಗೆ ಕಂಚಿನದು. ಶ್ರೇಣಿಭೇದ ಲೋಹದಲ್ಲಿಯೇ ಮೂಡಿತ್ತು. ಆದರೆ ಎರಡರಲ್ಲಿಯೂ ಒಂದು ವಿಶೇಷವಿತ್ತು. ಪದಕದ ಅಂಚಿನ ಮೇಲೆ ಪಡೆದವನ ಸಂಖ್ಯೆ, ಹೆಸರು, ದಳಗಳನ್ನು ಅಚ್ಚೊತ್ತಲಾಗುತ್ತಿತ್ತು.

ಈ ಅಂಚಿನ ಬೆಲೆ ತಿಳಿಯಬೇಕಾದರೆ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕವನ್ನು ನೆನೆಯಬೇಕು. ಮೆಸಪೊಟೇಮಿಯಾದಲ್ಲಿ ಮಡಿದು ಸಮಾಧಿ ಕಾಣದ 40,000ಕ್ಕೂ ಹೆಚ್ಚು ಜನರ ಸ್ಮಾರಕವದು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಅಲ್ಲಿ ಬರೆಯಲಾಯಿತು. ಭಾರತೀಯರಲ್ಲಿ ಅಧಿಕಾರಿಗಳನ್ನು ಮಾತ್ರ ಹೆಸರಿಸಿ, ಸಾಮಾನ್ಯ ಸಿಪಾಯಿಗಳನ್ನು ದಳವಾರು ಸಂಖ್ಯೆಯಾಗಿ ಕಾಣಿಸಲಾಯಿತು. ಈ ಅಸಮಾನತೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿತು. ಸ್ಮಾರಕದ ಕಲ್ಲು ನಿರಾಕರಿಸಿದ ಹೆಸರನ್ನು ಪದಕದ ಕಿರಿದಾದ ಅಂಚು ಹಿಡಿದಿಟ್ಟಿತ್ತು. ವೀರಗಲ್ಲಿನ ಶಾಸನ ಮಾಡಿದ ಕೆಲಸವನ್ನು ಇಲ್ಲಿ ಬಿಲ್ಲೆಯ ಅಂಚು ಮಾಡಿತು ಎನ್ನಬಹುದು.

ಆದರೂ ಬಿಲ್ಲೆಗೆ ವೀರಗಲ್ಲಿನ ಭದ್ರತೆ ದೊರೆಯಲಿಲ್ಲ. ಅದರ ಅಕ್ಷರ ರೋಮನ್ ಲಿಪಿಯದು; ಮನೆಯವರಿಗೆ ಹಲವು ವೇಳೆ ಓದಲು ಬಾರದ್ದು. ಅದಕ್ಕೆ ಊರಿನ ಆರಾಧನೆಯಿಲ್ಲ, ಲಾವಣಿಯ ಬೆಂಬಲವಿಲ್ಲ. ಅಜ್ಜನ ಬಸ್ರಾದ ಮಾತು ಅಜ್ಜಿಯ ಬಾಯಲ್ಲಿ ಇರುವಷ್ಟು ದಿನ ಅದು ಜಗಲಿಯ ಮೇಲಿನ ವಸ್ತು. ಆ ಬಾಯಿ ನಿಂತ ಮೇಲೆ ಅದು ತೂಕಕ್ಕೆ ಬೀಳುವ ಬೆಳ್ಳಿ. ಬರಗಾಲ, ಮದುವೆ, ಪಾಲುವಾಟಣಿಗಳ ನಾಡಿನಲ್ಲಿ ಪತ್ತಾರರ ಮೂಸೆ ದೂರವಿರುವುದಿಲ್ಲ. ಬೆಳ್ಳಿಯ ಬೆಲೆ ಏರಿದ 1980ರ ಹೊತ್ತಿಗೆ ಬ್ರಿಟನ್ನಿನಲ್ಲಿಯೂ ಇಂಥ ಅನೇಕ ಪದಕಗಳು ಕರಗಿಹೋದವು.

ಸಂಗ್ರಾಹಕರ ವಿದ್ಯೆ

ಸಂಗ್ರಾಹಕ ಸಮುದಾಯದ ಮಹತ್ವ ಇರುವುದು ಇಲ್ಲಿಯೇ. ಕರಗಬೇಕಾಗಿದ್ದ ಎಷ್ಟೋ ಪದಕಗಳನ್ನು ಉಳಿಸಿದವರು ಅವರು. 1942ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಯಾದ ಬಿರುದು ಮತ್ತು ಪದಕಗಳ ಸಂಶೋಧನ ಸಂಘದಂತಹ ಸಂಸ್ಥೆಗಳಿಂದ ಈ ಹವ್ಯಾಸಕ್ಕೆ ಶಾಸ್ತ್ರೀಯ ಶಿಸ್ತು ಬಂದಿದೆ. ಸಂಗ್ರಾಹಕರು ಅಕ್ಷರದ ಅಚ್ಚನ್ನು ಪರೀಕ್ಷಿಸುತ್ತಾರೆ, ದಳದ ಸಂಕ್ಷೇಪಗಳನ್ನು ಬಿಡಿಸುತ್ತಾರೆ. ಹಳೆಯ ಹೆಸರನ್ನು ಅರೆದು ಹೊಸ ಹೆಸರನ್ನು ಒತ್ತಿದ್ದರೆ ವ್ಯಾಸ ತುಸು ಕಿರಿದಾಗುವುದರಿಂದ ಅಳತೆ ಮಾಡಿಯೇ ಮೋಸವನ್ನು ಹಿಡಿಯುತ್ತಾರೆ. ಒಬ್ಬನೇ ಸೈನಿಕನ ಪದಕಗಳು ಬೇರೆ ಬೇರೆ ಕೈಗೆ ಹೋಗಿದ್ದರೆ ಅವುಗಳನ್ನು ಮತ್ತೆ ಕೂಡಿಸಲು ವರ್ಷಗಟ್ಟಲೆ ಅರಸುವವರೂ ಉಂಟು. ಇದು ಗೌರವಕ್ಕೆ ಅರ್ಹವಾದ ವಿದ್ಯೆ.

ಆದರೆ ಇದರ ಮಿತಿಯನ್ನೂ ಗುರುತಿಸಬೇಕು. ಸಂಗ್ರಾಹಕನ ಬಳಿ ವಸ್ತುವಿದೆ, ಹೆಸರಿದೆ, ಕಥನವಿಲ್ಲ. ಮನೆಯವರ ಬಳಿ ಕಥನವಿದೆ. ಹೆಸರನ್ನು ಓದುವ ಬಗೆ ತಿಳಿದಿಲ್ಲ, ಹಲವೆಡೆ ವಸ್ತುವೂ ಈಗ ಉಳಿದಿಲ್ಲ. ನಡುವಿನ ವ್ಯಾಪಾರಿಗೆ ಮೂಲದ ಊರನ್ನು ಹೇಳಬೇಕಾದ ಅಗತ್ಯ ಕಾಣುವುದಿಲ್ಲ. ಹೀಗೆ ಒಂದೇ ನೆನಪಿನ ಎರಡು ತುಂಡುಗಳು ಒಂದನ್ನೊಂದು ಅರಿಯದೆ ಬೇರೆ ಬೇರೆ ಕಡೆ ಉಳಿಯುತ್ತವೆ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಐತಿಹಾಸಿಕ ಮಹತ್ವವುಳ್ಳ, ನೂರು ವರ್ಷ ದಾಟಿದ ವಸ್ತುಗಳನ್ನು ತನ್ನ ವ್ಯಾಪ್ತಿಗೆ ತರುತ್ತದೆ. ಅಂಥವನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಸ್ಮರಣಿಕೆಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಆದರೆ ಕಾಯ್ದೆ ವಸ್ತುವನ್ನು ತಡೆಯಬಲ್ಲದು, ಮಾತನ್ನು ಉಳಿಸಲಾರದು.

ಮಾತನ್ನು ಉಳಿಸುವುದು ಜಾನಪದ ವಿದ್ವಾಂಸರ ಹೊಣೆ. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ 'ನಿಮ್ಮ ಮನೆತನದಲ್ಲಿ ದಂಡಿಗೆ ಹೋದವರು ಯಾರು?' ಎಂಬ ಒಂದು ಪ್ರಶ್ನೆ ಸೇರಬೇಕು. ಬಿಲ್ಲೆಯಿದ್ದರೆ ಅದರ ಅಂಚನ್ನು ಓದಿ, ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಡಬೇಕು. ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಬೆಳಗಾವಿಯ ದಳದ ವಸ್ತುಸಂಗ್ರಹಾಲಯ, 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ, ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಸಂಗ್ರಾಹಕರೊಡನೆ ಕೂಡಿ ಈ ಕೆಲಸ ಮಾಡಲು ಸಾಧ್ಯವಿದೆ. ದೊಡ್ಡ ಹಣದ ಅಗತ್ಯ ಇದಕ್ಕಿಲ್ಲ, ಕಾಲದ ಅಗತ್ಯವಿದೆ. ಮೊದಲ ಯುದ್ಧಕ್ಕೆ ಹೋದವರನ್ನು ಕಣ್ಣಾರೆ ಕಂಡು, ಅವರ ಮಾತನ್ನು ಕೇಳಿದ ಮೊಮ್ಮಕ್ಕಳೂ ಈಗ ಮುದುಕರಾಗಿದ್ದಾರೆ.