ದಲೀಪ್ ಸಿಂಗ್ ಸೌಂದ್: ಪೌರತ್ವದಿಂದ ಪ್ರತಿನಿಧಿ ಸಭೆಯವರೆಗೆ

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆಯೇ ಎರಡು ವರ್ಷಗಳಿಗೊಮ್ಮೆ ಚುನಾವಣೆ ಎದುರಿಸುವ ಪ್ರತಿನಿಧಿ ಸಭೆ. 1956ರಲ್ಲಿ ಕ್ಯಾಲಿಫೋರ್ನಿಯಾದ 29ನೆಯ ಕ್ಷೇತ್ರದಿಂದ ಆರಿಸಿಬಂದ ದಲೀಪ್ ಸಿಂಗ್ ಸೌಂದ್, ಮತ ಚಲಾಯಿಸುವ ಅಧಿಕಾರವುಳ್ಳ ಸದಸ್ಯರಾಗಿ ಆ ಸಭೆಯನ್ನು ಪ್ರವೇಶಿಸಿದ ಏಷ್ಯಾ ಮೂಲದವರಲ್ಲಿ ಮೊದಲಿಗರು. ಅವರ ಸದಸ್ಯತ್ವ ಆರು ವರ್ಷಗಳಿಗೇ ಮುಗಿಯಿತಾದರೂ, ಚುನಾವಣಾ ಕಣಕ್ಕೆ ಇಳಿಯುವ ಅರ್ಹತೆಗಾಗಿಯೇ ಅವರು ಸುಮಾರು ಮೂರು ದಶಕ ಕಾಯಬೇಕಾಗಿತ್ತು.

1899ರಲ್ಲಿ ಪಂಜಾಬಿನ ಛಜ್ಜಲವಡ್ಡಿ ಗ್ರಾಮದಲ್ಲಿ ಹುಟ್ಟಿದ ಸೌಂದ್ 1920ರಲ್ಲಿ ಅಮೆರಿಕಕ್ಕೆ ತೆರಳಿ, 1924ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಕಾನೂನು ಹೇಳುವ ಅರ್ಥದಲ್ಲಿ ಬಿಳಿಯರಲ್ಲವಾದ್ದರಿಂದ ಅವರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು. ಪೌರತ್ವಕ್ಕೆ ಅನರ್ಹರಾದ ಪರದೇಶೀಯರು ಕೃಷಿಭೂಮಿ ಹೊಂದುವುದನ್ನು ಕ್ಯಾಲಿಫೋರ್ನಿಯಾದ ಭೂ ಕಾನೂನು ನಿಷೇಧಿಸಿತ್ತು. ಹೀಗಾಗಿ ಗಣಿತದ ಪಂಡಿತರು ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುವ ಕೂಲಿಗಾರರ ಮೇಸ್ತ್ರಿಯಾಗಿ ಬದುಕು ಆರಂಭಿಸಿ, ಮುಂದೆ ಬೇಸಾಯದಲ್ಲಿ ನೆಲೆ ಕಂಡುಕೊಂಡರು.

ಭಾರತೀಯರ ಪೌರತ್ವಕ್ಕಾಗಿ ನಡೆದ ಪ್ರಯತ್ನಗಳಲ್ಲಿ ಸೌಂದ್ ಮುಂಚೂಣಿಯಲ್ಲಿದ್ದರು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದ ಲೂಸ್–ಸೆಲ್ಲರ್ ಕಾಯ್ದೆಯು ವರ್ಷಕ್ಕೆ ನೂರು ಭಾರತೀಯರ ವಲಸೆಗೆ ಅವಕಾಶ ಕೊಟ್ಟಿತಲ್ಲದೆ, ಅಲ್ಲಿ ನೆಲೆಸಿದ್ದವರಿಗೆ ಪೌರತ್ವದ ದಾರಿಯನ್ನೂ ತೆರೆಯಿತು. 1949ರ ಡಿಸೆಂಬರಿನಲ್ಲಿ ಪೌರರಾದ ಸೌಂದ್, ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಪಟ್ಟಣದ ನ್ಯಾಯಾಧೀಶ ಹುದ್ದೆಗೆ ಚುನಾಯಿತರಾದರು; ಚುನಾವಣೆಯ ಹೊತ್ತಿಗೆ ಪೌರತ್ವಕ್ಕೆ ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣಕ್ಕೆ ಆ ಸ್ಥಾನ ಅವರ ಕೈತಪ್ಪಿತು. 1952ರಲ್ಲಿ ಮತ್ತೆ ಸ್ಪರ್ಧಿಸಿ ಗೆದ್ದು ಅದೇ ಹುದ್ದೆಯನ್ನು ವಹಿಸಿಕೊಂಡರು.

1956ರಲ್ಲಿ ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳನ್ನು ಒಳಗೊಂಡ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿದಾಗಲೂ ತಕರಾರು ಎದ್ದಿತು. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ವರಿಷ್ಠರ ಬದಲು ಮತದಾರರೇ 'ಪ್ರೈಮರಿ' ಎಂಬ ಪೂರ್ವಭಾವಿ ಚುನಾವಣೆಯಲ್ಲಿ ಆರಿಸುತ್ತಾರೆ. ಆ ಹಂತದ ಎದುರಾಳಿ ಕಾರ್ಲ್ ಕೆಗ್ಲಿ, ಪ್ರತಿನಿಧಿಯಾಗುವವರು ಏಳು ವರ್ಷ ಪೌರರಾಗಿರಬೇಕೆಂಬ ಸಂವಿಧಾನದ ನಿಯಮವನ್ನು ಮುಂದಿಟ್ಟು ನ್ಯಾಯಾಲಯದ ಮೆಟ್ಟಿಲೇರಿದರು. ನವೆಂಬರಿನ ಮತದಾನದ ದಿನಕ್ಕೆ ಆ ಅವಧಿ ತುಂಬುತ್ತಿರಲಿಲ್ಲ, 1957ರ ಜನವರಿಯ ಪ್ರಮಾಣವಚನದ ವೇಳೆಗೆ ತುಂಬುತ್ತಿತ್ತು. ನ್ಯಾಯಾಲಯ ಆಕ್ಷೇಪವನ್ನು ಪುರಸ್ಕರಿಸಲಿಲ್ಲ. ಅಂತಿಮ ಸ್ಪರ್ಧೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದವರು, ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆಯೆಂದು ಖ್ಯಾತರಾದ ಜಾಕ್ವೆಲಿನ್ ಕಾಕ್ರನ್. ಅವರ ಪತಿ ಸಿರಿವಂತ ಬಂಡವಾಳಗಾರ. ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್ ಅಧ್ಯಕ್ಷ ಪದವಿಗೆ ಭಾರೀ ಬಹುಮತದಿಂದ ಮರುಆಯ್ಕೆಯಾದ ಆ ವರ್ಷದಲ್ಲಿಯೂ, ಸೌಂದ್ ಮೂರು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ವಿದೇಶಾಂಗ ವ್ಯವಹಾರಗಳ ಸಮಿತಿಯಲ್ಲಿ ಸ್ಥಾನ ಪಡೆದ ಸೌಂದ್, 1957ರಲ್ಲಿ ಏಷ್ಯಾದ ಪ್ರವಾಸ ಕೈಗೊಂಡು ಭಾರತಕ್ಕೂ ಬಂದರು. ಅದೇ ವರ್ಷದ ನಾಗರಿಕ ಹಕ್ಕುಗಳ ಮಸೂದೆಯನ್ನು ಬೆಂಬಲಿಸಿದರು. 1958 ಮತ್ತು 1960ರಲ್ಲಿ ಹೆಚ್ಚಿನ ಅಂತರದಿಂದ ಪುನರಾಯ್ಕೆಗೊಂಡರು. 1962ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಪಾರ್ಶ್ವವಾಯು ತಗುಲಿ ಮಾತು ನಿಂತಿತು. ಸ್ವತಃ ಪ್ರಚಾರ ಮಾಡಲಾಗದ ಸ್ಥಿತಿಯಲ್ಲಿ, ಮರುವಿಂಗಡಣೆಯಾದ 38ನೆಯ ಕ್ಷೇತ್ರದಲ್ಲಿ ಅವರು ರಿಪಬ್ಲಿಕನ್ ಪಕ್ಷದ ಪ್ಯಾಟ್ರಿಕ್ ಮಾರ್ಟಿನ್ ಅವರಿಗೆ ಸೋತರು, 1973ರಲ್ಲಿ ನಿಧನರಾದರು.

ಮತ್ತೊಬ್ಬ ಭಾರತೀಯ ಮೂಲದವರು ಆ ಸಭೆಗೆ ಆರಿಸಿಬಂದದ್ದು 2004ರಲ್ಲಿ, ಲೂಯಿಸಿಯಾನಾದ ಬಾಬಿ ಜಿಂದಾಲ್ ಅವರ ಮೂಲಕ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ನಿನಿಂದ ಗೆದ್ದು ಈ ಸಾಲಿಗೆ ಸೇರಿದರು. ಬೆರಳೆಣಿಕೆಯ ಭಾರತೀಯರಿದ್ದ ಕ್ಷೇತ್ರದಲ್ಲಿ ಸೌಂದ್ ಮೂರು ಬಾರಿ ಗೆದ್ದುದನ್ನು ನೋಡಿದರೆ, ಪೌರತ್ವದ ಕಾನೂನು ಅಡ್ಡಬಂದಷ್ಟು ಮಟ್ಟಿಗೆ ಅಲ್ಲಿನ ಮತದಾರರು ಅವರಿಗೆ ಅಡ್ಡಬರಲಿಲ್ಲವೆಂದೇ ಹೇಳಬೇಕಾಗುತ್ತದೆ.